ಗುಡ್ಡದ ಬುಡಕ್ಕೆ ಒಂದು ದಿನದ ನಡಿಗೆ

ಸವದತ್ತಿಯ ಅಥವಾ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಯಾರಾದರೂ ‘ಗುಡ್ಡಕ್ಕ ಹೋಗಿ ಬಂದ್ರೇನು?’ ಎಂದು ಕೇಳಿದರೆ, ಯಾವ ಗುಡ್ಡ ಎಂದು ಮರುಪ್ರಶ್ನೆ ಹಾಕುವ ಅಗತ್ಯವಿಲ್ಲ. ಅದು ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಈ ಸೀಮೆಯ ಹಳ್ಳಿಗಳಿಂದ ಚಕ್ಕಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು, ‘ಉಧೋ ಉಧೋ’ ಎನ್ನುತ್ತ ಜನ ಹೊರಡುತ್ತಾರೆ. ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಟೆಂಪೊ ಬಂದಿದೆ. ಆದರೂ ಹರಕೆ ಹೊತ್ತವರು ಕಾಲ್ನಡಿಗೆಯಲ್ಲೇ ಬರುವುದು ನಿಂತಿಲ್ಲ.

ಚಾರಣ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಬಳಕೆಗೆ ಬಂದು ಬಹಳ ವರ್ಷಗಳೇನೂ ಆಗಿಲ್ಲ. ಆ ಮಾತು ಕಿವಿಗೆ ಬಿದ್ದೊಡನೆ ಕಣ್ಣ ಮುಂದೆ ಬರುವುದು ಹಿಮಾಲಯ, ಕುದುರೆಮುಖ, ಕುಮಾರಪರ್ವತ. ಬೆನ್ನಿಗೆ ದೊಡ್ಡ ಚೀಲ, ಕಾಲಿಗೆ ದುಬಾರಿ ಬೂಟು, ನಾಲ್ಕು ದಿನದ ರಜೆ. ಬೆಳಗಾವಿ ಜಿಲ್ಲೆಯ ಪೂರ್ವ ಭಾಗದ ಬಯಲುಸೀಮೆಯವರಿಗೆ ಇದು ತಮ್ಮ ಪಾಲಿಗಲ್ಲದ ವಿಷಯ ಎನಿಸುವುದು ಸಹಜ. ಆದರೆ ಬೆಳಿಗ್ಗೆ ಹೊರಟು, ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿ, ಸಂಜೆಯ ಬಸ್ಸಿಗೆ ಊರು ಸೇರಬಹುದಾದ ನಡಿಗೆಗಳು ಈ ಸೀಮೆಯಲ್ಲಿ ಹೇರಳವಾಗಿವೆ. ಮಕ್ಕಳೂ ವಯಸ್ಸಾದವರೂ ನಡೆಯಬಹುದಾದ ದಾರಿಗಳು ಇವು. ಇವುಗಳನ್ನು ಯಾರೂ ಚಾರಣಕ್ಕೆಂದು ಮಾಡಿದ್ದಲ್ಲ. ಜಾತ್ರೆಗೆ ಹೋಗುವವರ, ದನ ಕಾಯುವವರ, ಸೌದೆ ತರುವವರ ಕಾಲುಗಳೇ ಮಾಡಿದ ಹಾದಿಗಳು.

ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಮಲೆನಾಡಿನಲ್ಲಿ ಬೆಟ್ಟ ಹತ್ತುವುದು ತುದಿ ಮುಟ್ಟುವುದಕ್ಕೆ. ಇಲ್ಲಿ ನೋಡಬೇಕಾದದ್ದು ಹೆಚ್ಚಾಗಿ ಇರುವುದು ಗುಡ್ಡದ ತುದಿಯಲ್ಲಲ್ಲ, ಬುಡದಲ್ಲಿ. ನೀರಿನ ಸೆಲೆ, ಹೆಮ್ಮರ, ಹಳೆಯ ಗುಡಿ ಮೂರೂ ಸಾಮಾನ್ಯವಾಗಿ ಒಂದೇ ಕಡೆ, ಗುಡ್ಡ ಮುಗಿದು ಹೊಲ ಶುರುವಾಗುವಲ್ಲಿ ಸಿಗುತ್ತವೆ. ಇದು ಆಕಸ್ಮಿಕವಲ್ಲ. ಅದಕ್ಕೆ ಕಾರಣ ಕಲ್ಲಿನಲ್ಲಿದೆ.

ನಮ್ಮೂರ ಹೆಸರಿನ ಕಲ್ಲುಗಳು

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಕಡೆಯಿಂದ ಹೊರಟು ಸವದತ್ತಿಯತ್ತಲೋ ಬಾದಾಮಿಯತ್ತಲೋ ಸಾಗಿದರೆ, ಜೋಳ, ಕಡಲೆ, ಕಬ್ಬಿನ ಹೊಲಗಳ ಆಚೆ ಉದ್ದಕ್ಕೆ ಮಲಗಿದಂಥ ಗುಡ್ಡಗಳು ಜೊತೆಗೇ ಬರುತ್ತವೆ. ಇವುಗಳ ತಲೆ ಚೂಪಲ್ಲ, ಚಪ್ಪಟೆ. ಬಯಲಿನಿಂದ ನೂರು, ನೂರೈವತ್ತು ಮೀಟರ್ ಎದ್ದರೆ ಹೆಚ್ಚು. ಅಂಚಿನಲ್ಲಿ ಗೋಡೆ ಕಟ್ಟಿದ ಹಾಗೆ ಕೆಂಪು ಇಲ್ಲವೇ ಬೂದು ಬಂಡೆಗಳ ಸಾಲು, ಅದರ ಕೆಳಗೆ ಉರುಳಿ ಬಿದ್ದ ಕಲ್ಲುಗಳ ಇಳಿಜಾರು, ಅದರ ಕೆಳಗೆ ಹೊಲ. ಮೊದಲ ನೋಟಕ್ಕೆ ಬರೀ ಬೋಳುಗುಡ್ಡ, ಕುರುಚಲು ಗಿಡ.

ಭೂವಿಜ್ಞಾನಿಗಳಿಗೆ ಮಾತ್ರ ಇದು ಬಹಳ ಹಿಂದಿನಿಂದಲೂ ಆಕರ್ಷಣೆಯ ಪ್ರದೇಶ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ, 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಶಿಲೆಗಳ ಬಗ್ಗೆ ದೊಡ್ಡ ವರದಿ ಪ್ರಕಟಿಸಿದ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ, ಭಾರತದ ಪ್ರಾಗೈತಿಹಾಸದ ಅಧ್ಯಯನಕ್ಕೆ ಬುನಾದಿ ಹಾಕಿದವನೂ ಇವನೇ. ಮಲಪ್ರಭಾ ಕಣಿವೆಯಲ್ಲೂ ಅವನಿಗೆ ಅಂಥ ಆಯುಧಗಳು ಸಿಕ್ಕವು.

ಇಲ್ಲಿನ ಮರಳುಗಲ್ಲು, ಸುಣ್ಣಗಲ್ಲು, ಜೇಡಿಗಲ್ಲಿನ ಪದರುಗಳಿಗೆ ಬಾಗಲಕೋಟೆ ಜಿಲ್ಲೆಯ ಕಲಾದಗಿ ಎಂಬ ಊರಿನ ಹೆಸರೇ ನಿಂತಿದೆ. ಕಲಾದಗಿ ಶಿಲಾಸಮೂಹದ ಒಳವಿಭಾಗಗಳ ಹೆಸರುಗಳನ್ನು ಓದಿದರೆ ಬಸ್ಸಿನ ಬೋರ್ಡು ಓದಿದ ಹಾಗಾಗುತ್ತದೆ: ರಾಮದುರ್ಗ, ಸವದತ್ತಿ, ಯರಗಟ್ಟಿ, ಲೋಕಾಪುರ, ಬಾದಾಮಿ. ಈ ಹೆಸರುಗಳು ಜಗತ್ತಿನ ಭೂವಿಜ್ಞಾನದ ಲೇಖನಗಳಲ್ಲಿ ಓಡಾಡುತ್ತಿವೆ. ನಾವು ಮಾತ್ರ ಟಿಕೆಟ್ ತೆಗೆಸುವಾಗಷ್ಟೇ ಹೇಳುತ್ತೇವೆ.

ಈ ಕಲ್ಲುಗಳಲ್ಲಿ ಹಳೆಯವು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಆಗ ಇಲ್ಲಿ ಆಳವಿಲ್ಲದ ಸಮುದ್ರವಿತ್ತು, ಮರಳು ತಂದು ಸುರಿಯುವ ನದಿಗಳಿದ್ದವು. ಗಿಡಮರಗಳಾಗಲಿ ಪ್ರಾಣಿಗಳಾಗಲಿ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ನೀರಿನ ತಳದ ಮರಳು ಪದರು ಪದರಾಗಿ ಕೂತು ಕಲ್ಲಾಯಿತು. ಗುಡ್ಡ ಹತ್ತುವಾಗ ಕಾಲಡಿಯ ಚಪ್ಪಡಿಯನ್ನು ಗಮನಿಸಿ ನೋಡಿ. ಹೊಳೆಯ ದಂಡೆಯ ಮರಳಿನ ಮೇಲೆ ಅಲೆ ಮೂಡಿಸುವಂಥ ಗೆರೆಗಳು ಅಲ್ಲಲ್ಲಿ ಕಲ್ಲಿನ ಮೇಲೆ ಹಾಗೇ ಉಳಿದಿವೆ. ರಾಮದುರ್ಗದ ಸುತ್ತಮುತ್ತ ಇನ್ನೊಂದು ಸೋಜಿಗವಿದೆ. ಹಳೆಯ ಪದರುಗಳು ಭೂಮಿಯ ಒತ್ತಡಕ್ಕೆ ಸಿಕ್ಕಿ ಓರೆಯಾಗಿ ಎದ್ದು ನಿಂತಿದ್ದರೆ, ಅವುಗಳ ಮೇಲೆ ಹೊಸ ಪದರು ಹಾಸಿಗೆ ಹಾಸಿದಂತೆ ಅಡ್ಡಲಾಗಿ ಮಲಗಿದೆ. ಎರಡರ ನಡುವೆ ಕೋಟ್ಯಂತರ ವರ್ಷಗಳ ಅಂತರ. ಹಳೆಯದು ಮಡಚಿ, ಸವೆದು, ಬೋಳಾದ ಮೇಲೆ ಹೊಸದು ಬಂದು ಕೂತದ್ದಕ್ಕೆ ಇದು ಸಾಕ್ಷಿ.

ಗುಡ್ಡ ಕುಡಿದ ನೀರು

ಈ ಕಲ್ಲಿಗೂ ಮರಕ್ಕೂ ಏನು ಸಂಬಂಧ? ಸಂಬಂಧ ಇರುವುದು ಬಿರುಕುಗಳಲ್ಲಿ. ಮರಳುಗಲ್ಲಿನ ಪದರುಗಳು ಗಟ್ಟಿ. ಆದರೆ ಅವುಗಳಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳುಗಳಿರುತ್ತವೆ. ಗುಡ್ಡದ ಚಪ್ಪಟೆ ತಲೆಯ ಮೇಲೆ ಬಿದ್ದ ಮಳೆಯ ಒಂದು ಪಾಲು ಹರಿದುಹೋದರೆ, ಇನ್ನೊಂದು ಪಾಲು ಈ ಸೀಳುಗಳಲ್ಲಿ ಇಳಿಯುತ್ತದೆ. ಕೆಳಗೆ ನೀರು ಬಿಡದ ಜೇಡಿಗಲ್ಲಿನ ಪದರೋ, ಸೀಳಿಲ್ಲದ ಗಟ್ಟಿ ಬಂಡೆಯೋ ಅಡ್ಡ ಸಿಕ್ಕಾಗ ಆ ನೀರು ಪಕ್ಕಕ್ಕೆ ತಿರುಗಿ, ಗುಡ್ಡದ ಬದಿಯಲ್ಲಿ ಸೆಲೆಯಾಗಿ ಹೊರಬರುತ್ತದೆ. ಮಳೆಗಾಲದಲ್ಲಿ ಕುಡಿದದ್ದನ್ನು ಗುಡ್ಡ ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ.

ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550ರಿಂದ 600 ಮಿಲಿಮೀಟರ್. ಅದೇ ಜಿಲ್ಲೆಯ ಪಶ್ಚಿಮದ ಖಾನಾಪುರ ತಾಲ್ಲೂಕಿಗೆ ಇದರ ಮೂರು ಪಟ್ಟು ಬೀಳುತ್ತದೆ. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಸೆಲೆ ಎಂದರೆ ಜನಕ್ಕೂ ದನಕ್ಕೂ ಅದೇ ಜೀವ. ಅಲ್ಲಿ ಹೊಂಡ ತೋಡಿದರು, ಗುಡಿ ಕಟ್ಟಿದರು, ಸುತ್ತಲಿನ ಮರಕ್ಕೆ ಕೊಡಲಿ ಹಾಕಬಾರದೆಂದು ಕಟ್ಟು ಮಾಡಿದರು. ದೇವರ ಮರವೆಂದ ಮೇಲೆ ಕಡಿಯುವ ಧೈರ್ಯ ಯಾರಿಗಿದೆ?

ಇಂಥ ತಾಣಕ್ಕೆ ಈ ಭಾಗದ ಕನ್ನಡದಲ್ಲಿ ಸೊಗಸಾದ ಒಂದು ಪದವಿದೆ: ಕೊಳ್ಳ. ಎರಡು ಗುಡ್ಡಗಳ ನಡುವೆ ನೀರು ಕೊರೆದ ಇಕ್ಕಟ್ಟಾದ ಕಣಿವೆ. ಸುರೇಬಾನದ ಬಳಿ ಶಬರಿಕೊಳ್ಳ, ಗೋಕಾಕದ ಬಳಿ ಯೋಗಿಕೊಳ್ಳ, ಐಹೊಳೆಯ ಕಡೆ ಸಿದ್ಧನಕೊಳ್ಳ. ಹೆಸರಿನ ಕೊನೆಗೆ ‘ಕೊಳ್ಳ’ ಇದ್ದರೆ ಅಲ್ಲಿ ನೀರು, ನೆರಳು, ಗುಡಿ ಮೂರೂ ಇರುತ್ತವೆಂದು ಕಣ್ಣುಮುಚ್ಚಿ ಹೇಳಬಹುದು.

ಮರ ನೋಡಿ ನೀರು ಹುಡುಕುವ ವಿದ್ಯೆಯೂ ಹಳೆಯದೇ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅತ್ತಿ, ನೇರಳೆ, ಮತ್ತಿಯಂಥ ಮರಗಳನ್ನೂ ಹುತ್ತಗಳನ್ನೂ ಗುರುತಾಗಿಟ್ಟುಕೊಂಡು ನೆಲದಡಿಯ ನೀರನ್ನು ಊಹಿಸುವ ಕ್ರಮವನ್ನು ಅಲ್ಲಿ ವಿವರಿಸಿದ್ದಾನೆ. ಅವನ ಲೆಕ್ಕಗಳನ್ನೆಲ್ಲ ಇಂದು ಒಪ್ಪಬೇಕಾಗಿಲ್ಲ. ಆದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸುತ್ತಲೂ ಒಣಗಿ ನಿಂತ ಗುಡ್ಡದ ನಡುವೆ ಒಂದು ಅತ್ತಿಯೋ ಅರಳಿಯೋ ಹಸಿರಾಗಿ ನಿಂತಿದ್ದರೆ, ಅದರ ಬೇರಿಗೆ ಎಲ್ಲೋ ತೇವ ಸಿಕ್ಕಿದೆ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಹೋಗಿ ಬರಬಹುದಾದ ಹಾದಿಗಳು

ಮೊದಲು ಬೈಲಹೊಂಗಲ ತಾಲ್ಲೂಕಿನ ಸೊಗಲ. ಬಯಲಿನಲ್ಲಿ ಬರುವವನಿಗೆ ಇಲ್ಲೊಂದು ಜಲಪಾತವಿದೆ ಎಂದರೆ ನಂಬಿಕೆಯೇ ಬರುವುದಿಲ್ಲ. ಗುಡ್ಡದ ಮಡಿಲಿಗೆ ಇಳಿದ ಮೇಲೆ ಒಮ್ಮೆಲೇ ಮರಗಳ ತಂಪು, ನೀರಿನ ಸದ್ದು. ಸೋಮೇಶ್ವರನ ಗುಡಿಯ ಸುತ್ತಲೂ ಕಲ್ಲಿನ ಗೋಡೆಗಳಂಥ ಬಂಡೆಗಳು. ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪನ ಕಾಲದ, ಕ್ರಿ.ಶ. 980ರ ಶಾಸನ ಇಲ್ಲಿ ದೊರೆತಿದೆ. ಎಂದರೆ ಸಾವಿರ ವರ್ಷದ ಹಿಂದೆಯೂ ಈ ನೀರಿನ ಬಳಿ ಜನ ಸೇರುತ್ತಿದ್ದರು. ಮಳೆಗಾಲ ಮುಗಿದ ಹೊಸದರಲ್ಲಿ ಹೋದರೆ ಜಲಪಾತ ಮೈದುಂಬಿರುತ್ತದೆ. ಶ್ರಾವಣದ ಸೋಮವಾರಗಳನ್ನು ಬಿಟ್ಟು ಬೇರೆ ದಿನ ಆರಿಸಿಕೊಂಡರೆ ಜನಜಂಗುಳಿ ಇರುವುದಿಲ್ಲ. ಗುಡಿಯ ಹಿಂದಿನಿಂದ ಗುಡ್ಡದ ಅಂಚಿಗೆ ಹತ್ತಿ ನಿಂತರೆ ಎರೆಹೊಲಗಳ ಬಯಲು ಕಣ್ಣಿಗೆ ಎಟುಕುವಷ್ಟು ದೂರ ಹಾಸಿಕೊಂಡಿದೆ.

ಎರಡನೆಯದು ರಾಮದುರ್ಗ ತಾಲ್ಲೂಕಿನ ಶಬರಿಕೊಳ್ಳ. ರಾಮನಿಗಾಗಿ ಕಾದು, ರುಚಿ ನೋಡಿ ಹಣ್ಣು ಆರಿಸಿ ಇಟ್ಟ ಶಬರಿ ಇದ್ದದ್ದು ಇಲ್ಲೇ ಎಂದು ಈ ಸೀಮೆಯ ಜನ ನಂಬಿದ್ದಾರೆ. ಹಂಪಿಯ ಬಳಿಯ ಪಂಪಾಸರೋವರದವರೂ ಇದನ್ನೇ ಹೇಳುತ್ತಾರೆ. ಆ ವ್ಯಾಜ್ಯ ನಮಗೆ ಬೇಡ. ನಡೆಯುವವನಿಗೆ ಸ್ವಾರಸ್ಯವೆನಿಸುವುದು ಬೇರೆ. ಶಬರಿ ಕೊಟ್ಟಳೆನ್ನುವ ಬಾರಿಹಣ್ಣಿನ ಗಿಡಗಳು ಈ ಗುಡ್ಡಗಳ ಕುರುಚಲು ಕಾಡಿನಲ್ಲಿ ಇಂದಿಗೂ ಇವೆ. ಜೊತೆಗೆ ಕವಳಿ, ಸೀತಾಫಲ. ಬುಡದ ಕೊಳ್ಳದಲ್ಲಿ ಶಬರಿಯ ಗುಡಿ, ನೀರಿನ ಸೆಲೆ, ಹೊಂಡ. ಬಂಡೆಯ ಸಂದಿನಲ್ಲಿ ಹುಟ್ಟಿ ಕಲ್ಲನ್ನೇ ಅಪ್ಪಿಕೊಂಡು ಇಳಿದ ಬೇರುಗಳನ್ನು ನೋಡುತ್ತ ಒಂದು ಮಧ್ಯಾಹ್ನ ಕಳೆಯುವುದು ಕಷ್ಟವೇನಲ್ಲ.

ಸವದತ್ತಿಯಲ್ಲಿ ನಡೆಯುವವರಿಗೆ ಆಯ್ಕೆಗಳು ಹೆಚ್ಚು. ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿಯೇ ಇಂದಿನ ಸವದತ್ತಿ. ಊರಿನಿಂದ ಐದು ಕಿಲೋಮೀಟರ್ ದೂರದ ಯಲ್ಲಮ್ಮನ ಗುಡ್ಡಕ್ಕೆ ಬಸ್ಸಿನ ದಾರಿ ಇದೆ. ಆದರೆ ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಗುಡ್ಡಕ್ಕೆ ನಡೆಯುವುದು ಭಕ್ತರ ಹಳೆಯ ಪದ್ಧತಿ. ಗಮನಿಸಿ, ಇಲ್ಲೂ ಮೊದಲು ನೀರು, ಆಮೇಲೆ ಗುಡ್ಡ. ಊರಿನ ದಕ್ಷಿಣದ ಗುಡ್ಡದ ಮೇಲೆ ಪರಸಗಡ ಕೋಟೆಯ ಅವಶೇಷಗಳಿವೆ. ಸವದತ್ತಿಯಿಂದ ಎಂಟು, ಒಂಬತ್ತು ಕಿಲೋಮೀಟರ್ ಪೂರ್ವಕ್ಕೆ ಹೂಲಿ. ಒಂದು ಕಾಲಕ್ಕೆ ವಿದ್ವಾಂಸರಿಂದ ತುಂಬಿದ್ದ ದೊಡ್ಡ ಅಗ್ರಹಾರ ಇದು. ಗುಡ್ಡದ ಬುಡದಲ್ಲಿ ಪಂಚಲಿಂಗೇಶ್ವರನ ದೊಡ್ಡ ಗುಡಿ, ಆಚೀಚೆ ಪಾಳುಬಿದ್ದ ಗುಡಿಗಳು, ಕೆರೆ, ಮೇಲೆ ಕೋಟೆ. ಅರ್ಧ ದಿನದಲ್ಲಿ ಇಷ್ಟೆಲ್ಲವನ್ನೂ ನಡೆದು ನೋಡಬಹುದು.

ಮುನವಳ್ಳಿಯ ಕಡೆ ಇರುವ ನವಿಲುತೀರ್ಥ ಇನ್ನೊಂದು ಬಗೆಯ ತಾಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಇಲ್ಲಿ ಗುಡ್ಡವನ್ನು ಬಳಸಿ ಹೋಗದೆ, ಸೀಳಿಕೊಂಡೇ ಹೋಗಿದೆ. ಈ ಇಕ್ಕಟ್ಟಾದ ಕಂಡಿಗೆ 1972ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಕಂಡಿ ಕಿರಿದಾದ್ದರಿಂದಲೇ ಸುಮಾರು 150 ಮೀಟರ್ ಉದ್ದದ ಕಟ್ಟೆ ಅಷ್ಟು ದೊಡ್ಡ ಜಲಾಶಯವನ್ನು ಹಿಡಿದು ನಿಲ್ಲಿಸಿದೆ.

ಆದರೆ ಗುಡ್ಡದ ಬುಡದ ನಡಿಗೆ ಎಂದರೇನು ಎಂದು ಒಂದೇ ದಿನದಲ್ಲಿ ತಿಳಿಯಬೇಕೆನ್ನುವವರು ನೆರೆಯ ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಹೋಗಬೇಕು. ಬಾದಾಮಿಯಿಂದ ಮಹಾಕೂಟಕ್ಕೆ ರಸ್ತೆಯಲ್ಲಿ ಹೋದರೆ ಗುಡ್ಡವನ್ನು ಸುತ್ತಿ ಸುಮಾರು 14 ಕಿಲೋಮೀಟರ್. ಗುಡ್ಡ ಹತ್ತಿ ಇಳಿಯುವ ಹಳೆಯ ಕಾಲುದಾರಿಯಲ್ಲಿ ಐದು ಕಿಲೋಮೀಟರ್ ಆಸುಪಾಸು. ಅಗಸ್ತ್ಯತೀರ್ಥದ ಕೆರೆಯ ಕಡೆಯಿಂದ ಹತ್ತಿದರೆ ಕೆಂಪು ಮರಳುಗಲ್ಲಿನ ಹಾಸು, ನಡುವೆ ಮುಳ್ಳುಪೊದೆ, ತಲೆಯ ಮೇಲೆ ಬಿಸಿಲು. ಎರಡು ತಾಸು ಹೀಗೆ ನಡೆದು ಆಚೆ ಬದಿಗೆ ಇಳಿದಾಗ ಮಹಾಕೂಟದ ಆಲದ ಮರಗಳು ಎದುರಾಗುತ್ತವೆ. ಅವುಗಳ ನೆರಳಿನಲ್ಲಿ ಬಾದಾಮಿ ಚಾಲುಕ್ಯರ ಕಾಲದ ಗುಡಿಗಳ ಗುಂಪು, ನಡುವೆ ಗುಡ್ಡದ ಸೆಲೆಯಿಂದ ಸದಾ ತುಂಬಿರುವ ಪುಷ್ಕರಣಿ. ಮಂಗಳೇಶನ ಕಾಲದ, ಏಳನೆಯ ಶತಮಾನದ ಆರಂಭದ ಪ್ರಸಿದ್ಧ ಸ್ತಂಭಶಾಸನ ಇದ್ದದ್ದು ಇಲ್ಲೇ. ಆ ಕಂಬವನ್ನು ಆಮೇಲೆ ವಿಜಯಪುರಕ್ಕೆ ಸಾಗಿಸಲಾಯಿತು. ಬಿಸಿಲಿನಲ್ಲಿ ನಡೆದು ಬಂದವನಿಗೆ ಮಾತ್ರ ಈ ನೆರಳಿನ ಬೆಲೆ ಗೊತ್ತು. ಕಾರಿನಲ್ಲಿ ಬಂದವರಿಗೆ ಅದು ಬರೀ ಪಾರ್ಕಿಂಗ್ ಜಾಗ.

ಹೆಮ್ಮರಗಳ ಲೆಕ್ಕ

ಆಲದ ಮರ ಬೆಳೆಯುವ ಕ್ರಮವೇ ಬೇರೆ. ಕೊಂಬೆಯಿಂದ ಇಳಿದ ಬಿಳಲು ನೆಲ ಮುಟ್ಟಿ ಬೇರು ಬಿಟ್ಟರೆ ಅದೇ ಇನ್ನೊಂದು ಕಾಂಡ. ಮೂಲ ಕಾಂಡ ಸತ್ತರೂ ಮರ ಸಾಯುವುದಿಲ್ಲ. ಬೆಂಗಳೂರಿನ ಬಳಿ ಕೇತೋಹಳ್ಳಿಯ ದೊಡ್ಡಾಲದ ಮರದ ಮೂಲ ಕಾಂಡ ಎಂದೋ ಹೋಗಿದೆ. ಕೋಲ್ಕತ್ತದ ಸಸ್ಯೋದ್ಯಾನದ ದೊಡ್ಡ ಆಲದ ಮೂಲ ಕಾಂಡವನ್ನು ರೋಗ ತಗುಲಿದ್ದರಿಂದ 1925ರಲ್ಲಿ ಕಡಿದು ತೆಗೆದರು. ಎರಡೂ ಮರಗಳು ಬಿಳಲುಗಳ ಮೇಲೆ ನಿಂತು ಬದುಕಿವೆ. ಆಲಕ್ಕೆ ಬಿಳಲೇ ಮುಪ್ಪಿನ ಊರುಗೋಲು.

ಮರ ದೊಡ್ಡದಾದಷ್ಟೂ ಅದರ ಸುತ್ತ ಊರಿನ ನೆನಪುಗಳೂ ಬೆಳೆಯುತ್ತವೆ. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಆಲದ ಮರಕ್ಕೆ ನೇಣು ಹಾಕಲಾಯಿತು. ಕಿತ್ತೂರಿಗಾಗಿ ಗುಡ್ಡಗಾಡಿನಲ್ಲಿ ಅಡಗಿ ಹೋರಾಡಿದ ಆ ವೀರನ ಸಮಾಧಿಯ ಬಳಿಯ ಆಲಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತು ತೊಟ್ಟಿಲು ಕಟ್ಟುವ ರೂಢಿ ಬೆಳೆದಿದೆ. ಸಾವಿನ ಜಾಗ ಹುಟ್ಟಿನ ಹರಕೆಯ ಜಾಗವಾಯಿತು. ಸಹ್ಯಾದ್ರಿಯ ತಪ್ಪಲಾದ ಆ ಸೀಮೆಯ ಹಸಿರಿನಲ್ಲಿ ಒಂದು ದಿನ ಓಡಾಡುವವರು ನಂದಗಡವನ್ನು ತಪ್ಪಿಸಬಾರದು.

ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮರಗಳದ್ದು ಇನ್ನೊಂದು ಕಥೆ. ಹೆಸರಿಗೆ ಹುಣಸೆಯಾದರೂ ಅವು ಹುಣಸೆಯಲ್ಲ, ಆಫ್ರಿಕ ಮೂಲದ ಬಾವೊಬಾಬ್. ಹತ್ತಾರು ಜನ ಕೈಕೈ ಹಿಡಿದು ನಿಂತರಷ್ಟೇ ಸುತ್ತುವರಿಯಬಹುದಾದ ಕಾಂಡ. ಮೆತ್ತನೆಯ ಆ ಕಾಂಡದಲ್ಲಿ ನೀರು ಶೇಖರಿಸಿಕೊಂಡು ಬರಗಾಲ ದಾಟುವ ಮರ ಇದು. ಹೂವು ಅರಳುವುದು ರಾತ್ರಿ, ಪರಾಗ ಹೊರುವುದು ಬಾವಲಿ. ಇವುಗಳ ವಯಸ್ಸು ಎರಡು ಸಾವಿರ, ಐದು ಸಾವಿರ ವರ್ಷ ಎಂದೆಲ್ಲ ಹೇಳುವುದುಂಟು. ಆದರೆ ಬಾವೊಬಾಬ್‌ನ ಕಾಂಡ ಒಳಗೆ ಪೊಳ್ಳಾಗುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳುವುದು ಕಷ್ಟ. ಉತ್ತರ ಪ್ರದೇಶದ ಎರಡು ಹಳೆಯ ಬಾವೊಬಾಬ್‌ಗಳನ್ನು ವಿಕಿರಣ ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವುಗಳ ವಯಸ್ಸು 800 ವರ್ಷಗಳ ಆಸುಪಾಸು ಎಂದು ತಿಳಿದುಬಂತು. ಅದೇನು ಕಡಿಮೆಯೇ?

ದೊಡ್ಡ ಮರವೆಂದರೆ ಅದಕ್ಕೆ ಸಾವಿಲ್ಲ ಎಂದುಕೊಳ್ಳುವುದು ತಪ್ಪು. ಆಫ್ರಿಕದ 13 ಅತ್ಯಂತ ಹಳೆಯ ಬಾವೊಬಾಬ್‌ಗಳಲ್ಲಿ 9 ಮರಗಳು 2005ರಿಂದೀಚೆಗೆ ಪೂರ್ತಿಯಾಗಿ ಇಲ್ಲವೇ ಭಾಗಶಃ ಸತ್ತಿವೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಸವಣೂರಿನ ಮೂರು ಮರಗಳಲ್ಲೇ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಬಿದ್ದ ಮರವನ್ನು ಕಡಿದು ಸಾಗಿಸುವ ಬದಲು, ಯಂತ್ರಗಳ ಸಹಾಯದಿಂದ ಎತ್ತಿ ಮತ್ತೆ ನೆಲಕ್ಕೂರುವ ಕೆಲಸ ನಡೆಯಿತು. ಬಿದ್ದ ಹಿರಿಯರನ್ನು ಎತ್ತಿ ಕೂರಿಸಿದಂಥ ಕೆಲಸ ಅದು.

ಕಟ್ಟೆ ಎಂಬ ಉರುಳು

ಗುಡ್ಡದ ಬುಡದ ಮರಗಳಿಗೆ ಇಂದು ಕೊಡಲಿಗಿಂತ ಹೆಚ್ಚಿನ ಭಯ ಇರುವುದು ಸಿಮೆಂಟಿನಿಂದ. ಇದು ವಿಚಿತ್ರವೆನಿಸಬಹುದು. ಮರದ ಮೇಲಿನ ಭಕ್ತಿಯಿಂದಲೇ ಕಟ್ಟೆ ಕಟ್ಟಿಸುತ್ತಾರೆ. ಹಿಂದಿನವರು ಕಟ್ಟುತ್ತಿದ್ದುದು ಕಲ್ಲು, ಮಣ್ಣಿನ ಕಟ್ಟೆ. ಸಂದುಗಳಲ್ಲಿ ನೀರು ಇಳಿಯುತ್ತಿತ್ತು, ಗಾಳಿ ಆಡುತ್ತಿತ್ತು. ಈಗ ಬುಡದವರೆಗೂ ಕಾಂಕ್ರೀಟ್ ಸುರಿದು, ಮೇಲೆ ಟೈಲ್ಸ್ ಹಾಕಿ, ಸುತ್ತ ಉಕ್ಕಿನ ಕಂಬಿ ನಿಲ್ಲಿಸುತ್ತಾರೆ. ಮರಕ್ಕೆ ಆಹಾರ ತರುವ ಸಣ್ಣ ಬೇರುಗಳು ಇರುವುದು ನೆಲದ ಮೇಲ್ಪದರಿನಲ್ಲಿ, ಅವು ಹರಡಿರುವುದು ಕೊಂಬೆಗಳ ಹರವಿಗಿಂತಲೂ ಆಚೆ. ಆ ನೆಲವನ್ನು ಮುಚ್ಚಿದರೆ ಮರ ಉಸಿರು ಕಟ್ಟಿ, ಮೆಲ್ಲಗೆ, ಹತ್ತಿಪ್ಪತ್ತು ವರ್ಷಗಳಲ್ಲಿ ಸೊರಗುತ್ತದೆ. ಕಾರಣ ಯಾರಿಗೂ ಹೊಳೆಯುವುದಿಲ್ಲ.

ಈ ಲೇಖನಕ್ಕಾಗಿ ಓಡಾಡುವಾಗ ಒಂದು ಗುಡಿಯ ಮುಂದೆ ಹಳೆಯ ಆಲವೊಂದು ಕಂಡಿತು. ವಾಹನ ನಿಲ್ಲಿಸಲು ಅಡ್ಡಿಯಾಗುತ್ತವೆಂದು ಅದರ ಬಿಳಲುಗಳನ್ನೆಲ್ಲ ಆಳೆತ್ತರಕ್ಕೆ ಸಮನಾಗಿ ಕತ್ತರಿಸಿದ್ದರು. ಕ್ಷೌರ ಮಾಡಿಸಿಕೊಂಡು ಬಂದ ಹಾಗೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಆ ಮರದ ಮುಂದಿನ ನೂರು ವರ್ಷದ ಕಾಂಡಗಳು ಆ ಕತ್ತರಿಗೆ ಹೋಗಿದ್ದವು.

ಎರಡನೆಯ ಭಯ ನೀರಿನದು. ಗುಡ್ಡದ ಬುಡದಲ್ಲಿ ಆಳದ ಕೊಳವೆಬಾವಿಗಳು ಹೆಚ್ಚಿದಂತೆ ಸೆಲೆಗೆ ಬರಬೇಕಾದ ನೀರು ದಾರಿಯಲ್ಲೇ ಮೇಲೆದ್ದು ಹೋಗುತ್ತದೆ. ಗುಡ್ಡದ ನೆತ್ತಿಯಲ್ಲಿ ಕಲ್ಲು ಒಡೆದರೆ ನೀರು ಇಂಗುವ ಸೀಳುಗಳೇ ಕೆಡುತ್ತವೆ. ಸೆಲೆ ಬತ್ತಿದರೆ ಹೊಂಡಕ್ಕೆ ಟ್ಯಾಂಕರ್ ನೀರು ತುಂಬಬಹುದು. ಮರಕ್ಕೆ ಟ್ಯಾಂಕರ್ ಸಾಲದು.

ಮೂರನೆಯದು ರಸ್ತೆ. ರಸ್ತೆ ಬೇಡವೆನ್ನಲು ಸಾಧ್ಯವಿಲ್ಲ. ಮುದುಕರೂ ರೋಗಿಗಳೂ ದೇವರಿಗೆ ಹೋಗಬೇಕು, ಹಳ್ಳಿಗೆ ಬಸ್ಸು ಬರಬೇಕು. ಆದರೆ ಗುಡಿಯ ಬಾಗಿಲವರೆಗೆ ಡಾಂಬರು ಬಂದ ಕೂಡಲೇ ಕಾಲುದಾರಿಯಲ್ಲಿ ನಡೆಯುವವರು ಇಲ್ಲವಾಗುತ್ತಾರೆ. ಎರಡು ಮಳೆಗಾಲಕ್ಕೆ ಹಾದಿಗೆ ಮುಳ್ಳು ಮುಚ್ಚುತ್ತದೆ. ಹಾದಿ ಇಲ್ಲವಾದ ಮೇಲೆ ಹಾದಿಯ ಮರ ಯಾರಿಗೂ ಬೇಕಿಲ್ಲ. ರಸ್ತೆ ಅಗಲ ಮಾಡುವಾಗ ಸಾಲುಮರಗಳು ಉರುಳುವುದನ್ನು ಈ ಭಾಗದವರು ಕಣ್ಣಾರೆ ಕಂಡಿದ್ದಾರೆ. ದಾರಿಹೋಕರ ನೆರಳಿಗಾಗಿ ಆಲದ ಮರ ನೆಡಿಸಿದೆನೆಂದು ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ಬರೆಸಿದ. ನಡೆಯುವವರೇ ಇಲ್ಲದ ಕಾಲದಲ್ಲಿ ಅದೇ ಮರ ‘ಅಡಚಣೆ’ಯ ಪಟ್ಟಿಗೆ ಸೇರುತ್ತದೆ.

ಉಳಿಸಿಕೊಂಡ ಉದಾಹರಣೆಗಳೂ ಇವೆ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅದಕ್ಕೆ ಆಧಾರವಾದದ್ದು 2002ರ ಜೀವವೈವಿಧ್ಯ ಕಾಯ್ದೆ. ಗದಗಿನ ಕಪ್ಪತಗುಡ್ಡ ನಮ್ಮ ಗುಡ್ಡಗಳಂತೆಯೇ ಬಯಲುಸೀಮೆಯ ಕುರುಚಲು ಗುಡ್ಡ. ಅದನ್ನು ಗಣಿಗಾರಿಕೆಯಿಂದ ಉಳಿಸಲು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳೂ ಸೇರಿದಂತೆ ಜನರೇ ಬೀದಿಗಿಳಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ದಟ್ಟ ಕಾಡಿದ್ದರೆ ಮಾತ್ರ ಗುಡ್ಡಕ್ಕೆ ಬೆಲೆ ಎಂಬ ಮಾತನ್ನು ಕಪ್ಪತಗುಡ್ಡದ ಜನ ಸುಳ್ಳು ಮಾಡಿದ್ದಾರೆ. ಒಂದು ಕೊಳ್ಳ, ಒಂದು ಸೆಲೆ, ನಾಲ್ಕು ಹಳೆಯ ಮರಗಳನ್ನು ಉಳಿಸಿಕೊಳ್ಳಲು ಅಷ್ಟು ದೊಡ್ಡ ಹೋರಾಟವೂ ಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಮನಸ್ಸು ಮಾಡಿ ಅವುಗಳನ್ನು ದಾಖಲೆಗೆ ಸೇರಿಸಿದರೆ ಅದೇ ಮೊದಲ ಹೆಜ್ಜೆ.

ಹೊರಡುವವರಿಗೆ

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಈ ಗುಡ್ಡಗಳಿಗೆ ಹೇಳಿ ಮಾಡಿಸಿದ ಕಾಲ. ಮಾರ್ಚ್ ಹೊಕ್ಕರೆ ಕಲ್ಲು ಕಾದು ಕಾಲಿಡಲಾಗದು. ಸೂರ್ಯ ಏರುವ ಮೊದಲೇ ಗುಡ್ಡ ಏರಿ, ಮಧ್ಯಾಹ್ನ ಬುಡದ ನೆರಳಿಗೆ ಇಳಿದುಬಿಡಬೇಕು. ತಲೆಗೆ ಟವೆಲ್, ಕಾಲಿಗೆ ಜಾರದ ಚಪ್ಪಲಿ ಅಥವಾ ಬೂಟು, ತಲಾ ಎರಡು ಲೀಟರ್ ನೀರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಂಡರೆ ಕೆಡುವ ಚಿಂತೆಯಿಲ್ಲ. ಬಾದಾಮಿಯ ಕೋತಿಗಳು ಕೈಚೀಲ ಕಿತ್ತುಕೊಳ್ಳುವುದರಲ್ಲಿ ನಿಪುಣ. ಅವುಗಳ ಮುಂದೆ ಬುತ್ತಿ ಬಿಚ್ಚಬಾರದು. ಬಂಡೆಯ ಅಂಚಿನಲ್ಲಿ, ದೊಡ್ಡ ಮರಗಳ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಕೆಳಗೆ ಬೆಂಕಿ, ಹೊಗೆ, ಕೂಗಾಟ ಯಾವುದೂ ಸಲ್ಲದು. ಮಳೆಗಾಲದಲ್ಲಿ ಕೊಳ್ಳಕ್ಕೆ ಇಳಿದಾಗ ಮೇಲೆ ಎಲ್ಲೋ ಸುರಿದ ಮಳೆಗೆ ನೀರು ಒಮ್ಮೆಲೇ ಏರಬಹುದೆಂಬ ಎಚ್ಚರವಿರಲಿ. ದಾರಿ ತಿಳಿಯದಿದ್ದರೆ ದನ ಕಾಯುವವರನ್ನು ಕೇಳಿದರೆ ಸಾಕು, ಅವರಿಗಿಂತ ಒಳ್ಳೆಯ ಮಾರ್ಗದರ್ಶಿಗಳು ಸಿಗುವುದಿಲ್ಲ.

ನಡೆಯಲು ಹೋಗುವುದರಿಂದ ನಮ್ಮ ಮೈಗೆ ಒಳ್ಳೆಯದಾಗುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಹಾದಿಗೂ ಒಳ್ಳೆಯದಾಗುತ್ತದೆ ಎಂಬುದನ್ನು ಇದಕ್ಕೆ ಸೇರಿಸಬೇಕು. ತುಳಿದರಷ್ಟೇ ಹಾದಿ ಉಳಿಯುವುದು. ಹಾದಿಯಲ್ಲಿ ಜನ ಓಡಾಡಿದರೆ ಮರದ ಬುಡಕ್ಕೆ ಕಾಂಕ್ರೀಟ್ ಬೀಳುವಾಗ, ಸೆಲೆ ಬತ್ತುವಾಗ ಇದೇಕೆ ಹೀಗೆ ಎಂದು ಕೇಳುವವರು ಇರುತ್ತಾರೆ. ಬರುವ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡಿ. ಗುಡ್ಡದ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡ ಮೇಲೆ, ಬುಡಕ್ಕೆ ಇಳಿದು, ಆಲದ ಕೆಳಗೆ ಕೂತು, ನೀರು ಎಲ್ಲಿಂದ ಬರುತ್ತಿದೆ ಎಂದು ಅವರನ್ನೇ ಹುಡುಕಲು ಹೇಳಿ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ.